ಏನನ್ನೂ ಮುಚ್ಚಿಡದ ವಾಲ್ವ್‌ಗಳು

ನನಗೆ ಸಿಟ್ಟು ಜಾಸ್ತಿ ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಸಂಗದಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪು ವಾಲ್ವ್ ಅಂಗಡಿಯವನದು, ನನ್ನ ಭಾವಮೈದನದು, ಡ್ರೈವಿಂಗ್ ಸ್ಕೂಲ್ ಮೇಷ್ಟ್ರದು, ಮತ್ತು (ಪಕ್ಕದ ಕೋಣೆಯಲ್ಲೇ ಹೊಲಿಗೆ ಮೆಷಿನ್ ಮುಂದೆ ಕೂತಿರುವುದರಿಂದ ಮೆಲ್ಲಗೆ ಹೇಳುತ್ತೇನೆ) ನನ್ನ ಹೆಂಡತಿಯದು.

ನನ್ನ ಕಸುಬು ಟೈರಿನದು. ಲಾರಿ, ಬಸ್ಸುಗಳ ಟೈರು ಬಿಚ್ಚುತ್ತೇನೆ, ತೇಪೆ ಹಾಕುತ್ತೇನೆ, ಮತ್ತೆ ತೊಡಿಸುತ್ತೇನೆ. ಶಾಲೆಯನ್ನು ಬೇಗ ಬಿಟ್ಟೆ. ಶಾಲೆಯವರ ಪ್ರಕಾರ ಅದೇ ನನ್ನನ್ನು ಬಿಟ್ಟಿತು. ಆದರೆ ಶನಿವಾರ ಸಂಜೆ ಬಂತೆಂದರೆ ಕೈಯ ಕರಿ ತಿಕ್ಕಿ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಮ್ಮ ವಾದ್ಯತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಬೇಸ್ ಗಿಟಾರ್ ಎಂದರೆ ನಾಲ್ಕೇ ದಪ್ಪ ತಂತಿಗಳ, ಎದೆಯೊಳಗೆ ಗುಂಯ್ ಎನ್ನುವ ಗಿಟಾರು. ಇದ್ದಾಗ ಯಾರೂ ಗಮನಿಸುವುದಿಲ್ಲ. ಇಲ್ಲದಿದ್ದರೆ ಹಾಡು ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆದ ಹಾಗೆ ಇರುತ್ತದೆ.

ಅದರ ಸದ್ದನ್ನು ದೊಡ್ಡದು ಮಾಡುವ ನನ್ನ ಆಂಪ್ಲಿಫೈಯರು ಈಗಿನವರ ಬೆಂಕಿಪೊಟ್ಟಣಗಳಂಥದ್ದಲ್ಲ. ಒಳಗೆ ಗಾಜಿನ ವಾಲ್ವ್‌ಗಳು ಬಲ್ಬಿನ ಹಾಗೆ ಹೊತ್ತಿಕೊಂಡು ಉರಿಯುವ, ಇಬ್ಬರು ಸೇರಿ ಎತ್ತಬೇಕಾದ ಗಜಗಾತ್ರದ ಪೆಟ್ಟಿಗೆ. ಈ ಗಜಕ್ಕೆ ಕೆಲವು ತಿಂಗಳಿಂದ ಗೂರಲು ಹಿಡಿದಿತ್ತು. ಸ್ವರ ಗುರ್ ಎಂದು ಶುರುವಾಗಿ ಬುರ್ ಎಂದು ಮುಗಿಯುತ್ತಿತ್ತು. ನನಗೇನೂ ತೊಂದರೆ ಇರಲಿಲ್ಲ. ತೊಂದರೆಯಾದದ್ದು ಮೇಷ್ಟ್ರಿಗೆ.

ಮೇಷ್ಟ್ರೆಂದರೆ ನಮ್ಮ ತಂಡದ ಯಜಮಾನರು, ಡ್ರಮ್ ಬಾರಿಸುವವರು. ಹಗಲು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಜೀವಮಾನವೆಲ್ಲ ಕಲಿಯುವವರ ಪಕ್ಕದಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕೂತವರಾದ್ದರಿಂದ ಮಾತೂ ಹಾಗೇ, ಹಲ್ಲು ಕಚ್ಚಿಕೊಂಡು ಬಹಳ ಮೆಲ್ಲಗೆ. ಅವರು ಮನೆಗೇ ಬಂದರು.

"ನಿಧಾನ, ಸಿಟ್ಟು ಮಾಡ್ಕೋಬೇಡಿ," ಎಂದು ಶುರು ಮಾಡಿದರು. (ಸಿಟ್ಟು ಬಂದದ್ದೇ ಆಗ.) "ಬರೋ ಶನಿವಾರದ್ದು ದೊಡ್ಡ ಹಾಲ್. ನಿಮ್ಮ ಪೆಟ್ಟಿಗೆ ಹೀಗೇ ಬುರಬುರ ಅಂತಿದ್ರೆ, ಒಂದು ಸಲಕ್ಕೆ ನಿಮ್ಮ ಭಾವಮೈದನ್ನ ಕರೀತೀವಿ."

"ಒಂದು ಸಲಕ್ಕಾ?"

"ಒಂದು ಸಲಕ್ಕೆ ಅಂತ ಶುರು ಮಾಡೋಣ."

ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಲಿಫ್ಟ್ ರಿಪೇರಿಯವನು. ಅವನೂ ಬೇಸ್ ನುಡಿಸುತ್ತಾನೆ. ವಾಲ್ವ್ ಇಲ್ಲದ, ಊಟದ ಡಬ್ಬಿಯಂತೆ ಒಂದು ಕೈಯಲ್ಲಿ ಹಿಡಿಯುವ ಆಂಪ್ಲಿಫೈಯರು ಅವನದು. ತಂಡದಲ್ಲಿ ನನ್ನ ಜಾಗದ ಮೇಲೆ ಅವನಿಗೆ ಎಷ್ಟು ವರ್ಷದಿಂದ ಕಣ್ಣಿದೆಯೆಂದರೆ, ನಾನು ಸೀನಿದರೂ ಬಂದು ಆರೋಗ್ಯ ವಿಚಾರಿಸುತ್ತಾನೆ. ಅವನಿಗೆ ಆ ಜಾಗ ಬಿಡುವುದಕ್ಕಿಂತ ಪೆಟ್ಟಿಗೆಯೊಳಗೆ ನಾನೇ ಕೂತು ಗುಂಯ್ ಎನ್ನುವುದು ಮೇಲು. ವಾಲ್ವ್ ಬದಲಿಸುವುದೆಂದು ಆ ಕ್ಷಣವೇ ತೀರ್ಮಾನಿಸಿದೆ.

"ಬಿಚ್ಚಿ ನೋಡಿದೆ," ಎಂದೆ ಹೆಂಡತಿಗೆ. "ದೊಡ್ಡ ವಾಲ್ವ್ ನಾಲ್ಕಿವೆ. ಒಂದು ಮಾತ್ರ ಮಿಣಮಿಣ ಅಂತಿದೆ. ಅದೊಂದನ್ನ ಬದಲಾಯಿಸಿದ್ರೆ ಆಯ್ತು."

ಅವಳು ಪರದೆ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಒಂದೇ ಬದಲಾಯಿಸಬಹುದಾ?"

"ಪಂಕ್ಚರ್ ಆಗಿರೋದು ಒಂದು. ನಾಲ್ಕು ಚಕ್ರ ಯಾಕೆ ಬಿಚ್ಚಬೇಕು?"

"ಅಂಗಡೀಲಿ ಗಿರಾಕಿಗಳಿಗೆ ನೀವೇ ಬಯ್ತೀರಲ್ಲ. ಒಂದು ಕಡೆ ಹೊಸ ಟೈರು, ಇನ್ನೊಂದು ಕಡೆ ಸವೆದದ್ದು ಹಾಕಿದ್ರೆ ಗಾಡಿ ಎಳೆಯುತ್ತೆ, ನಿಮಗೆ ತಲೆ ಇಲ್ವಾ ಅಂತ."

"ಅದು ಟೈರು."

"ಹೂಂ. ಇದು ಗಾಜು. ಇನ್ನೂ ಸೂಕ್ಷ್ಮ."

ಗಂಡನ ಮಾತನ್ನು ಗಂಡನ ಮೇಲೇ ಎಸೆಯುವ ಹೆಂಗಸಿನ ಜೊತೆ ಸಂಸಾರ ಮಾಡುವವರಿಗೆ ಸರ್ಕಾರ ಏನಾದರೂ ಪದಕ ಕೊಡಬೇಕು.

ವಾಲ್ವ್ ಮಾರುವವನಿಗೆ ಫೋನ್ ಮಾಡಿದರೆ, ಪೆಟ್ಟಿಗೆಯನ್ನೂ ತರಬೇಕು ಎಂದ. ಹೊಸ ವಾಲ್ವ್ ಹಾಕಿದ ಮೇಲೆ ಮೀಟರ್ ಹಚ್ಚಿ ಹದ ಮಾಡಬೇಕಂತೆ. ತಂಡದ ಕಡೆಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಊರಿನ ಲಿಫ್ಟ್‌ಗಳನ್ನೆಲ್ಲ ಏರಿಸಿ ಇಳಿಸುವ ಮಹಾಪುರುಷನ ಅಕ್ಕನ ಮನೆಯ, ಅಂದರೆ ನಮ್ಮ ಮನೆಯ, ಲಿಫ್ಟ್ ಮಾತ್ರ ಕೆಟ್ಟು ನಿಂತಿತ್ತು. ನಾನು ಪೆಟ್ಟಿಗೆಯ ಮುಂದೆ, ಅವಳು ಹಿಂದೆ. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ದ್ವಂದ್ವಯುದ್ಧ.

"ಎಡಕ್ಕೆ."

"ಯಾರ ಎಡಕ್ಕೆ?"

"ಎಡ ಅಂದ್ರೆ ಎಡ ಕಣೇ, ಅದರಲ್ಲಿ ನಿಂದು ನಂದು ಅಂತ ಪಾಲು ಇದೆಯಾ?"

"ನೀವು ನನ್ನ ಕಡೆ ಮುಖ ಮಾಡಿ ಹಿಂದಕ್ಕೆ ನಡೀತಿದ್ದೀರಿ. ನಿಮ್ಮ ಎಡ ನನ್ನ ಬಲ."

ಮದುವೆಯಾದಾಗಿನಿಂದ ನಮ್ಮ ಮನೆಯ ಸ್ಥಿತಿ ಅದೇ. ನನ್ನ ಹೆಬ್ಬೆರಳು ಕಟಕಟೆಗೂ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡಾಗ ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಕೆಳಮನೆಯವರು ಬಾಗಿಲು ತೆರೆದು ನೋಡಿ, ಕೇಳಿ, ಮುಚ್ಚಿಕೊಂಡರು.

ವಾಲ್ವ್ ಅಂಗಡಿಯೆಂದರೆ ಹಳೆಯ ರೇಡಿಯೋಗಳ ಗುಡ್ಡದ ಹಿಂದೆ ಒಂದು ಬೋಳುತಲೆ. ಆ ತಲೆ ಮಾತಾಡುತ್ತಲೇ ಇರುತ್ತದೆ. ನಾಲ್ಕು ವಾಲ್ವ್ ಇಡುತ್ತಾ, "ಇವು ಹೊಂದಿಕೆ ಮಾಡಿದ ನಾಲ್ಕು ಸಾರ್. ಒಂದೇ ತಾಯಿ ಮಕ್ಕಳ ಹಾಗೆ. ಒಂದು ಎಷ್ಟು ಕರೆಂಟ್ ಕುಡಿಯುತ್ತೋ ಇನ್ನೊಂದೂ ಅಷ್ಟೇ ಕುಡಿಯುತ್ತೆ," ಎಂದ.

ಒಂದೇ ತಾಯಿಯ ಮಕ್ಕಳಾದ ನಾವು ಮೂವರು ಅಣ್ಣತಮ್ಮಂದಿರು ಜೀವಮಾನದಲ್ಲಿ ಏನನ್ನೂ ಒಂದೇ ಪ್ರಮಾಣದಲ್ಲಿ ಕುಡಿದದ್ದಿಲ್ಲ. ವಾಲ್ವ್‌ಗೆ ಟ್ಯೂಬ್ ಎಂದೂ ಹೆಸರಿದೆ. ದಿನವಿಡೀ ಟ್ಯೂಬೂ ವಾಲ್ವೂ ಕೈಯಲ್ಲಿ ಆಡಿಸುವ ಟೈರಿನವನಿಗೆ ಇವನೇನು ಪಾಠ ಹೇಳುವುದು ಎಂದುಕೊಂಡು, ಒಂದನ್ನೆತ್ತಿ ಗಾಳಿ ನೋಡುವ ಹಾಗೆ ಬೆರಳಿನಿಂದ ಟಣ್ ಎನ್ನಿಸಿದೆ. ಅಂಗಡಿಯವನ ಮುಖದಲ್ಲಿ ರಕ್ತ ಇಳಿದುಹೋಯಿತು. ನನ್ನ ಕೈಯಿಂದ ಅದನ್ನು ಹಸುಗೂಸಿನಂತೆ ಎತ್ತಿಕೊಂಡು ನನ್ನ ಹೆಂಡತಿಯ ಕೈಗೆ ಕೊಟ್ಟ. ಮುಂದಿನ ಮಾತನ್ನೆಲ್ಲ ಅವಳ ಜೊತೆಯೇ ಆಡಿದ.

"ಎರಡು ಜಾತಿ ಇದೆ ಅಮ್ಮಾ. ಇದು ತೆಳು ಗಾಜಿಂದು, ಹಳೇ ಕಾಲದ್ದು. ಸದ್ದು ಜಾಸ್ತಿ ಮಾಡಿದ್ರೆ ಸ್ವಲ್ಪ ಗುರುಗುಟ್ಟುತ್ತೆ, ಆದ್ರೆ ಇಂಪಾಗಿ. ಎಲ್ಲಾನೂ ಕಂಬಳಿ ಹೊದಿಸಿದ ಹಾಗೆ ದುಂಡಗೆ ಮಾಡುತ್ತೆ. ಇದು ದಪ್ಪ ಗಾಜಿಂದು. ಎಷ್ಟು ಜೋರು ಮಾಡಿದ್ರೂ ಕನ್ನಡಿ. ಬೆರಳು ತಂತಿಗೆ ತಾಗಿದ ಸದ್ದೂ ಕೇಳುತ್ತೆ." ಆಮೇಲೆ ನನ್ನ ಕಡೆ ಓರೆಗಣ್ಣಿನಿಂದ ನೋಡಿ, "ಯಜಮಾನರ ಕೈ ಹೇಗೆ?" ಎಂದ.

"ನನ್ನ ಕೈಗೇನಾಗಿದೆ?" ಎಂದೆ.

"ಏನಿಲ್ಲ ಸಾರ್. ದಪ್ಪ ಗಾಜಿಂದು ಏನನ್ನೂ ಮುಚ್ಚಿಡಲ್ಲ, ಅದಕ್ಕೆ ಕೇಳ್ದೆ."

"ಮುಚ್ಚಿಡೋಕೆ ನನ್ನ ಹತ್ರ ಏನಿದೆ?"

"ರೀ," ಎಂದಳು ಹೆಂಡತಿ, "ಆ ಕಂಬಳಿದೇ ತಗೊಳ್ಳೋಣ."

"ಯಾಕೆ?"

"ಸುಮ್ಮನೆ. ಕಿವಿಗೆ ಹಿತ."

ಅವಳು ಅದನ್ನು ಹೇಳಿದ ದನಿಯಲ್ಲಿ ಏನೋ ಇತ್ತು. ಜ್ವರ ಬಂದ ಮಗುವಿಗೆ ಐಸ್‌ಕ್ರೀಂ ಬೇಡ ಎನ್ನುವ ದನಿ. ನನಗೆ ಸಿಟ್ಟು ನೆತ್ತಿಗೇರಿತು. ಬುರ್ ಎನ್ನುತ್ತದೆಂದೇ ನನ್ನ ಜಾಗ ಹೋಗುವ ಹೊತ್ತಿನಲ್ಲಿ ಮತ್ತೆ ಗುರ್ ಎನ್ನುವುದನ್ನೇ ತರಬೇಕಂತೆ. ತಮ್ಮನಿಗೆ ದಾರಿ ಮಾಡಿಕೊಡುತ್ತಿದ್ದಾಳೋ ಏನೋ.

"ದಪ್ಪ ಗಾಜಿಂದೇ ಹಾಕು," ಎಂದು ಕೌಂಟರ್ ಗುದ್ದಿದೆ. ಗುಡ್ಡದ ತುದಿಯಲ್ಲಿದ್ದ ರೇಡಿಯೋ ಒಂದು ತಾನಾಗಿಯೇ ಹಾಡತೊಡಗಿತು.

ಅವನು ಹಾಕಿದ, ಮೀಟರ್ ಹಚ್ಚಿದ, ತಿರುಪು ತಿರುಗಿಸಿ ಹದ ಮಾಡಿದ. ಅವನ ಅಂಗಡಿಯಲ್ಲಿದ್ದ ಹಳೇ ಬೇಸ್ ಗಿಟಾರ್ ಸಿಕ್ಕಿಸಿ ತಂತಿ ಮೀಟಿ ನೋಡಿದೆ. ನಿಜ ಹೇಳುತ್ತೇನೆ, ಬಾವಿಗೆ ಬಿದ್ದ ಕಲ್ಲಿನಂತೆ ಸ್ಪಷ್ಟವಾದ ಸದ್ದು. ಗೂರಲಿನ ಸುಳಿವೇ ಇಲ್ಲ. ಹೆಂಡತಿಯ ಕಡೆ ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ನೋಟ ಬೀರಿದೆ. ಅವಳು ಪೆಟ್ಟಿಗೆಯ ತನ್ನ ತುದಿ ಹಿಡಿದು, "ಎತ್ತಿ," ಎಂದಳು.

ಮಾರನೆಯ ಸಂಜೆ ಡ್ರೈವಿಂಗ್ ಸ್ಕೂಲಿನ ಮಾಳಿಗೆಯಲ್ಲಿ ಅಭ್ಯಾಸ. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ. ಪೆಟ್ಟಿಗೆ ಹೊರಲು ಬಂದ ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತಳು. ಮೊದಲ ಹಾಡು ಚೆನ್ನಾಗಿಯೇ ಹೊರಟಿತು. ಹಾಡು ತಿರುಗುವ ಜಾಗಕ್ಕೆ ಬಂದೆವು. ನಾನು ಎಂದಿನಂತೆ ಗಂಭೀರವಾಗಿ ಮೀಟಿದೆ. ಮೇಷ್ಟ್ರು ಡ್ರಮ್ ನಿಲ್ಲಿಸಿದರು. ಹಾಡುವವಳು ನಿಲ್ಲಿಸಿದಳು.

"ಇನ್ನೊಂದು ಸಲ," ಎಂದರು ಮೇಷ್ಟ್ರು.

ಇನ್ನೊಂದು ಸಲ ನುಡಿಸಿದೆ.

"ಆ ಜಾಗದಲ್ಲಿ ನೀವು ಯಾವಾಗಲೂ ಇದನ್ನೇ ನುಡಿಸ್ತಿದ್ರಾ?"

"ತಂಡ ಶುರುವಾದಾಗಿಂದ ಇದನ್ನೇ," ಎಂದೆ ಹೆಮ್ಮೆಯಿಂದ.

ನಮ್ಮ ಹಾಡುವವಳು ಹಗಲು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಬಹಳ ಸಾಧು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಅಣ್ಣಾ, ಆ ಜಾಗ ಬಂದಾಗೆಲ್ಲ ನನ್ನ ಸ್ವರ ಜಾರುತ್ತೆ ಅಂತ ನಾನು ಗಂಟಲಿನ ಡಾಕ್ಟರ್ ಹತ್ರ ಹೋಗಿದ್ದೆ. ಎರಡು ವರ್ಷದಿಂದ ತಣ್ಣೀರು ಕುಡಿಯೋದು ಬಿಟ್ಟಿದ್ದೀನಿ."

"ಅಂದ್ರೆ?"

"ಅಂದ್ರೆ ತಪ್ಪು ಅಂತ," ಎಂದಳು ಬೆಂಚಿನ ಮೇಲಿಂದ ನನ್ನ ಹೆಂಡತಿ. "ಬೆರಳು ಒಂದು ಮೆಟ್ಟಿಲು ಕೆಳಗೆ ಬರಬೇಕು. ಆ ನಿಧಾನದ ಹಾಡಲ್ಲೂ ಒಂದು ಕಡೆ ಹಾಗೇ. ಕೊನೇ ಹಾಡಲ್ಲಿ ಎರಡು ಕಡೆ."

ನಾನು ಕೆರಳಿದೆ. ಈ ಹೆಂಗಸು ಇಷ್ಟು ಕಾಲ ಪಕ್ಕದ ಕೋಣೆಯಲ್ಲಿ ಮೆಷಿನ್ ತುಳಿಯುತ್ತಾ ನನ್ನ ಅಭ್ಯಾಸ ಕೇಳುತ್ತಾ ಗುನುಗುತ್ತಿದ್ದಾಗ, ಮೆಚ್ಚಿ ಗುನುಗುತ್ತಿದ್ದಾಳೆಂದು ನಾನು ತಿಳಿದಿದ್ದೆ. ತಿದ್ದಿ ಗುನುಗುತ್ತಿದ್ದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ಗುಡುಗಿದೆ.

"ನಿಮಗೆ ಸಿಟ್ಟು ಬರುತ್ತಲ್ಲ."

"ಯಾರು ಹೇಳಿದ್ದು ನನಗೆ ಸಿಟ್ಟು ಬರುತ್ತೆ ಅಂತ?" ಎಂದು ನಾನು ಕಿರುಚಿದ್ದು ದಪ್ಪ ಗಾಜಿನ ವಾಲ್ವ್‌ಗಳಿಗಿಂತ ಸ್ಪಷ್ಟವಾಗಿತ್ತು ಎಂದು ಆಮೇಲೆ ತಿಳಿಯಿತು. ಕೆಳಗೆ ಲೈಸೆನ್ಸಿಗೆ ಬಂದವರು ಹೊರಟುಹೋಗಿದ್ದರಂತೆ.

ಮೇಷ್ಟ್ರು ಬ್ರೇಕ್ ಒತ್ತಿದರು. "ನಿಧಾನ. ಪೆಟ್ಟಿಗೆ ಸರಿಯಾಗಿದೆ, ಅದು ನಿಮ್ಮ ಪುಣ್ಯ. ಶನಿವಾರದೊಳಗೆ ಕೈಯೂ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಭಾವಮೈದನಿಗೆ ಹೇಳಿಬಿಡ್ತೀನಿ."

ಅಲ್ಲಿಂದ ಶನಿವಾರದವರೆಗೆ ನನ್ನ ಪಾಡು ನಾಯಿಪಾಡು. ಅವಳು ಪರದೆ ಹೊಲಿಯುವಳು, ನಾನು ಎದುರಿಗೆ ಕೂತು ನುಡಿಸುವೆ. ತಪ್ಪಿದರೆ ಬಯ್ಯುವುದಿಲ್ಲ, ಮೆಷಿನ್ ನಿಲ್ಲಿಸುತ್ತಾಳೆ, ಅಷ್ಟೇ. ಬಯ್ಗುಳಕ್ಕೆ ಉತ್ತರ ಕೊಡಬಹುದು, ನಿಂತ ಮೆಷಿನ್ನಿಗೆ ಏನು ಉತ್ತರ ಕೊಡುವುದು? ನಡುವೆ ಭಾವಮೈದನ ಫೋನು: "ಭಾವ, ಬೆರಳಿಗೆ ತ್ರಾಸವಂತೆ? ವಿಶ್ರಾಂತಿ ತಗೊಳ್ಳಿ. ನನಗೆ ಶನಿವಾರ ರಜೆ." ಆ ಫೋನು ಈಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೈಜಾರಿ ಬಿತ್ತು ಎಂದು ಹೇಳಿದ್ದೇನೆ.

ಶನಿವಾರ. ಹಾಲ್ ತುಂಬ ಜನ. ಆಂಪ್ಲಿಫೈಯರಿನ ಪಕ್ಕ ಮೇಷ್ಟ್ರು ಒಂದು ಕುರ್ಚಿ ಹಾಕಿಸಿ ನನ್ನ ಹೆಂಡತಿಯನ್ನು ಕೂರಿಸಿದರು. ಹೊಸ ವಾಲ್ವ್‌ಗಳು ಬಿಸಿಯಾಗುತ್ತವೆ, ಯಾರಾದರೂ ನೋಡಿಕೊಳ್ಳುತ್ತಿರಬೇಕು ಎಂದರು. ಜವಾಬ್ದಾರಿಯುತ ಮಾತು ಎಂದುಕೊಂಡೆ. ಹಾಡು ಶುರುವಾಯಿತು. ನಾನು ಕಣ್ಣು ಮುಚ್ಚಿ, ಎದೆ ಉಬ್ಬಿಸಿ, ಭಾವಮೈದನ ಮುಖ ನೆನೆದುಕೊಂಡು ಮೀಟಿದ ರಭಸಕ್ಕೆ ತಂತಿಗಳು ಉಳಿದದ್ದೇ ಹೆಚ್ಚು. ಹಾಲ್‌ನಲ್ಲಿ ಡ್ರಮ್ಮಿನ ಬಡಿತ ನನ್ನ ಬೆನ್ನಿಗೇ ಇರುವುದರಿಂದ ನನ್ನ ಸದ್ದು ನನಗೆ ಕೇಳಿಸುವುದು ಮೊದಲಿನಿಂದಲೂ ಕಡಿಮೆ. ಆದರೆ ಜನರ ಮುಖದಲ್ಲಿ ಸಂತೋಷ ಕಾಣುತ್ತಿತ್ತು. ಹಾಡುವವಳು ಎಲ್ಲೂ ಜಾರಲಿಲ್ಲ.

ಮುಗಿದ ಮೇಲೆ ಕನ್ನಡಕದ ಹಿರಿಯರೊಬ್ಬರು ನನ್ನ ಕೈ ಕುಲುಕಿದರು. "ಬೇಸ್ ಬಹಳ ಚೆನ್ನಾಗಿತ್ತು. ಎಲ್ಲರೂ ಸುಮ್ಮನೆ ಬಾರಿಸ್ತಾ ಹೋಗ್ತಾರೆ. ನೀವು ಹಾಡು ತಿರುಗುವ ಕಡೆಯೆಲ್ಲ ಕೈ ತಡೆದು, ಜಾಗ ಬಿಟ್ರಿ ನೋಡಿ. ಎಂಥಾ ಸಂಯಮ."

"ನಾನು ಎಲ್ಲೂ ಕೈ ತಡೆದಿಲ್ಲ," ಎಂದೆ.

"ಆ ವಿನಯ ಬೇರೆ," ಎಂದು ಬೆನ್ನು ತಟ್ಟಿ ಹೋದರು.

ನಾನು ತಿರುಗಿ ನೋಡಿದೆ. ನನ್ನ ಹೆಂಡತಿ ಕುರ್ಚಿಯ ಮೇಲೆ ಇನ್ನೂ ಹಾಗೇ ಕೂತಿದ್ದಳು. ಅವಳ ಬಲಗೈ ಆಂಪ್ಲಿಫೈಯರಿನ ವಾಲ್ಯೂಮ್ ತಿರುಪಿನ ಮೇಲಿತ್ತು. ತಿರುಪು ಸೊನ್ನೆಯಲ್ಲಿತ್ತು.

"ಕೊನೇ ಹಾಡಲ್ಲಿ ಎರಡು ಕಡೆನೂ ತಪ್ಪಿದ್ರಿ," ಎಂದಳು, ಬಹಳ ಮೆಲ್ಲಗೆ.

ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು ಬಂದರು. ನನ್ನನ್ನು ದಾಟಿ ಹೋಗಿ ಅವಳಿಗೆ ಕೈಮುಗಿದರು.

"ಅಮ್ಮಾ, ಇನ್ನು ಮೇಲೆ ಪ್ರತಿ ಶನಿವಾರ ನೀವು ತಪ್ಪಿಸಬಾರದು."

"ಮತ್ತೆ ನಾನು?" ಎಂದು ಕೇಳಿದೆ.

ಮೇಷ್ಟ್ರು ಸ್ವಲ್ಪ ಯೋಚಿಸಿದರು.

"ನಿಮ್ಮ ಅನುಕೂಲ ನೋಡ್ಕೊಳ್ಳಿ," ಎಂದರು.