ಹಿಂದಿನ ಸೀಟಿಗೆ ಮೆತ್ತೆ ಇಲ್ಲ

ಹೆಂಡತಿ: ಮೆತ್ತೆ ಇಲ್ಲ ಅಂದ್ರೆ ಏನ್ರೀ ಅರ್ಥ? ನಾನೇನು ಮೂಟೆಯಾ?

ಗಂಡ: ಮೂಟೆ ಆಗಿದ್ರೆ ಮೆತ್ತೆ ಕೇಳ್ತಿರಲಿಲ್ಲ. ತೂಕ ಕಣೇ, ತೂಕ! ವಿಮಾನ ಅಂದ್ರೆ ತೂಕ!

ಹೆಂಡತಿ: ಹಾಗಾದ್ರೆ ಮುಂದಿನ ಸೀಟಿಗೆ ನಾಲ್ಕಿಂಚು ಮೆತ್ತೆ ಯಾಕೆ? ಅದಕ್ಕೆ ತೂಕ ಇಲ್ವಾ?

ಗಂಡ: ಅದು ಕ್ಯಾಪ್ಟನ್ ಸೀಟು.

ಜಗಳ ನಡೆಯುತ್ತಿರುವುದು ಕಾರಿನ ಶೆಡ್ಡಿನಲ್ಲಿ. ಕಾರು ಆರು ವರ್ಷದಿಂದ ಬೀದಿಯಲ್ಲಿದೆ. ಅದರ ಜಾಗದಲ್ಲಿ, ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದು ಈ ದಂಪತಿಯ ಕೈಯಲ್ಲಿ ಇಡಿಯಾದ ಪುಟ್ಟ ವಿಮಾನವೊಂದು ನಿಂತಿದೆ. ಒಂದರ ಹಿಂದೆ ಒಂದು, ಎರಡೇ ಸೀಟು. ರೆಕ್ಕೆಗಳಲ್ಲಿ ಒಂದು ಶೆಡ್ಡಿನ ಗೋಡೆಗೆ ಒರಗಿದೆ. ಇನ್ನೊಂದು ನಡುಮನೆಯ ಸೂರಿನಿಂದ ಅಡ್ಡಡ್ಡ ತೂಗುತ್ತಿದೆ. ಸ್ನಾನಕ್ಕೆ ಹೋಗುವವರು ಅದಕ್ಕೆ ತಲೆಬಾಗಿಯೇ ಹೋಗಬೇಕು. ಬಾಕಿ ಇರುವುದು ಒಳಗಿನ ಸಿಂಗಾರ ಮಾತ್ರ. ಅದಕ್ಕೆಂದು ಕರೆಸಿರುವುದು ಬಸ್ಸಿನ ಸೀಟು, ಸೋಫಾ ಹೊಲಿಯುವ ಕುಶನ್ ಮೇಸ್ತ್ರಿಯನ್ನು. ಆತ ಕತ್ತರಿ ಹಿಡಿದು ಇಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತಿದ್ದಾನೆ.

ಮೇಸ್ತ್ರಿ: ಸಾರ್, ಬಸ್ಸಲ್ಲಿ ಡ್ರೈವರಿಗೂ ಮೆತ್ತೆ ಇರುತ್ತೆ, ಪ್ಯಾಸೆಂಜರಿಗೂ ಇರುತ್ತೆ. ಹರಿದಿರಬಹುದು, ಆದ್ರೆ ಇರುತ್ತೆ.

ಗಂಡ: ಬಸ್ಸು ಹಾರಲ್ಲ.

ಮೇಸ್ತ್ರಿ: ನಮ್ಮ ರೂಟಲ್ಲಿ ಒಂದೆರಡು ಹಾರ್ತವೆ ಸಾರ್.

ಗಂಡ ಮೇಸ್ತ್ರಿಯ ಡಬ್ಬಿಯಿಂದ ಒಂದು ಗುಂಡಿ ಎತ್ತಿ, ಪಕ್ಕದಲ್ಲಿದ್ದ ಅಡುಗೆಮನೆಯ ತಕ್ಕಡಿಯ ಮೇಲಿಟ್ಟ.

ಗಂಡ: ನೋಡಿ, ಎರಡು ಗ್ರಾಂ! ಇಂಥವು ಆರು ಗುಂಡಿ ಹೊಲಿದಿದೀರಿ!

ಮೇಸ್ತ್ರಿ: ಅಂದ್ರೆ ಹನ್ನೆರಡು ಗ್ರಾಂ. ಸಾರ್, ಬೆಳಗ್ಗೆಯಿಂದ ನೀವು ತಿಂದ ಬಿಸ್ಕತ್ತನ್ನ ತೂಕ ಹಾಕಿದ್ರಾ?

ಗಂಡ: ಬಿಸ್ಕತ್ತು ಬೇರೆ! ಅದು ಇಂಧನ!

ಹೆಂಡತಿ: ಮೊದಲು ಆ ತಕ್ಕಡಿ ವಾಪಸ್ ಕೊಡ್ರೀ. ಆರು ವರ್ಷದಿಂದ ನಮ್ಮನೇಲಿ ಅಡುಗೆ ಅಂದಾಜಿನ ಮೇಲೆ ನಡೀತಿದೆ.

ಗಂಡ: ತಿನ್ನೋನಿಗೆ ಗೊತ್ತಾಗುತ್ತೆ.

ಹೆಂಡತಿ: ಗೊತ್ತಾಗಿಯೂ ಎರಡನೇ ಸಲ ಬಡಿಸ್ಕೋತೀರಲ್ಲ. ಸರಿ, ಕೊನೇ ಅಧ್ಯಾಯ ಓದ್ಲಾ? ಸೀಟಿನ ವಿಷಯವೇ ಇದೆ.

ಆಕೆಯ ಕೈಯಲ್ಲಿರುವುದು ಕಟ್ಟುವ ವಿಧಾನದ ಪುಸ್ತಕ, ಇಟ್ಟಿಗೆಯಷ್ಟು ದಪ್ಪ. ಆರು ವರ್ಷ ಆಕೆ ಗಟ್ಟಿಯಾಗಿ ಓದಿದ್ದಾಳೆ, ಆತ ಕೇಳಿ ಕಟ್ಟಿದ್ದಾನೆ. ಸ್ವತಃ ಆತ ನೋಡಿರುವುದು ಚಿತ್ರಗಳನ್ನಷ್ಟೇ.

ಗಂಡ: ಬೇಡ. ಅದು ಮೆತ್ತೆ, ಪರದೆಗಳ ಅಧ್ಯಾಯ. ಇಂಜಿನ್ನೇ ಕೂರಿಸಿದೋನಿಗೆ ಮೆತ್ತೆ ಹೇಗೆ ಹಾಕೋದು ಅಂತ ಪುಸ್ತಕ ಹೇಳಿಕೊಡಬೇಕಾ? ಈ ವಿಮಾನ ಕಟ್ಟಿದೋನು ನಾನು!

ಹೆಂಡತಿ: ಒಬ್ರೇ?

ಗಂಡ: ಅಂದ್ರೆ... ಸಹಾಯ ಇತ್ತು.

ಹೆಂಡತಿ: ಸಹಾಯ! ಮೇಸ್ತ್ರಿ, ಕೇಳಿಸ್ಕೊಂಡ್ರಾ? ಈ ವಿಮಾನದ ಮೈಯಲ್ಲಿ ತಗಡು ಜೋಡಿಸೋ ರಿವೆಟ್ ಮೊಳೆ ಒಂಬತ್ತು ಸಾವಿರ ಇವೆ. ಇವರು ಹೊರಗಿಂದ ಢರ್ರ್ ಅಂತ ಗನ್ ಹಿಡಿಯೋರು. ಒಳಗಡೆ ಬಾಲದೊಳಗೆ ಮಲಗಿ, ಒಂದೊಂದು ಮೊಳೆಯ ಬುಡಕ್ಕೂ ಕಬ್ಬಿಣದ ಗಟ್ಟಿ ಒತ್ತಿ ಹಿಡಿದೋಳು ನಾನು. ತಗಡಿನ ಮೇಲೆ! ಬರೀ ಬೆನ್ನಲ್ಲಿ!

ಮೇಸ್ತ್ರಿ: ಮೆತ್ತೆ ಇರಲಿಲ್ವಾ ಅಕ್ಕ?

ಹೆಂಡತಿ: ಆಗ್ಲೂ ಇರಲಿಲ್ಲ.

ಒಂದೊಂದು ರಿವೆಟ್ಟಿಗೂ ಎರಡು ತಲೆ ಇರುತ್ತದೆ. ಹೊಳೆಯುವ ತಲೆ ಹೊರಗೆ, ಜಜ್ಜಿಸಿಕೊಂಡ ತಲೆ ಒಳಗೆ. ಫೋಟೋ ತೆಗೆಯುವವರು ಒಳಗಿನದನ್ನು ಯಾವತ್ತೂ ತೆಗೆಯುವುದಿಲ್ಲ.

ಗಂಡ: ನೋಡು, ಮೊದಲ ನಲವತ್ತು ಗಂಟೆ ಪರೀಕ್ಷೆ ಹಾರಾಟ. ಒಬ್ಬನೇ ಹಾರಿಸಬೇಕು, ಜೊತೇಲಿ ಯಾರೂ ಇರಬಾರದು, ಅದು ನಿಯಮ. ಅಲ್ಲೀವರೆಗೆ ಹಿಂದಿನ ಸೀಟು ಖಾಲಿ. ಖಾಲಿ ಸೀಟಿಗೆ ಮೆತ್ತೆ ಯಾಕೆ?

ಹೆಂಡತಿ: ನಲವತ್ತು ಗಂಟೆ ಆದ್ಮೇಲೆ?

ಗಂಡ: ಆದ್ಮೇಲೂ ಹಲಗೆ ಅಷ್ಟೇನೂ ಗಟ್ಟಿ ಇಲ್ಲ. ಬೆನ್ನಿಗೆ ಒಳ್ಳೇದು.

ಮೇಸ್ತ್ರಿ ಒಳಗೆ ಬಗ್ಗಿ ನೋಡಿದ.

ಮೇಸ್ತ್ರಿ: ಸಾರ್, ಹಿಂದಿನ ಸೀಟಿಗೂ ಓಡಿಸೋ ಹಿಡಿಕೆ ಇದೆಯಲ್ಲ?

ಗಂಡ: ಅದು ಇವಳಿಗೆ. ಭಯ ಆದಾಗ ಹಿಡ್ಕೊಳ್ಳೋಕೆ.

ಹೆಂಡತಿ: ಕಾಲ ಕೆಳಗೆ ಪೆಡಲ್ಲೂ ಇವೆಯಲ್ಲ?

ಗಂಡ: ಜಾಸ್ತಿ ಭಯ ಆದ್ರೆ ಒದೆಯೋಕೆ.

ಹೆಂಡತಿ: ಕೊನೇ ಅಧ್ಯಾಯ—

ಗಂಡ: ಬೇಡ ಅಂದೆನಲ್ಲ! ಮೇಸ್ತ್ರಿ, ಮುಂದಿನ ಮೆತ್ತೆ ಇಡಿ, ಕೂತು ನೋಡ್ತೀನಿ.

ಮೆತ್ತೆ ಬಂತು. ಗಂಡ ಒಂದು ಕಾಲು ಹಾಕಿದ, ಉಸಿರು ಬಿಟ್ಟ, ಇನ್ನೊಂದು ಕಾಲು ಹಾಕಿದ. ಅರ್ಧ ಕೂತ ಮೇಲೆ ಉಳಿದರ್ಧಕ್ಕೆ ಜಾಗ ಹುಡುಕಿದ.

ಮೇಸ್ತ್ರಿ: ಬಿಗಿ ಆಯ್ತಾ ಸಾರ್?

ಗಂಡ: ಕ್ಯಾಪ್ಟನ್ ಸೀಟು ಬಿಗಿಯಾಗೇ ಇರುತ್ತೆ. ಆಕಾಶದಲ್ಲಿ ಜಾರಬಾರದಲ್ಲ. ನನ್ನ ಅಳತೆ ನಿಮಗೆ ಯಾವಾಗ ಸಿಕ್ತು?

ಮೇಸ್ತ್ರಿ: ನೀವು ಬಿಡುವಾಗಿರಲಿಲ್ಲ. ಅಕ್ಕನೇ ಬಂದು ಅಳತೆ ಕೊಟ್ಟು ಹೋದ್ರು.

ಗಂಡ: ನೋಡಿದ್ರಾ, ನನ್ನ ಅಳತೆ ಬಾಯಿಪಾಠ ಇವಳಿಗೆ!

ಹೆಂಡತಿ ಆಕಾಶ ನೋಡಿದಳು. ಶೆಡ್ಡಿನಲ್ಲಿ ಆಕಾಶವಿರಲಿಲ್ಲ, ತಗಡು ನೋಡಿದಳು.

ಗಂಡ: ಅಂಟಿಸಿಬಿಡಿ!

ಮೇಸ್ತ್ರಿ: ಈ ಗೋಂದು ಕಚ್ಕೊಂಡ್ರೆ ಕೀಳೋಕೆ ಆಗಲ್ಲ. ಇನ್ನೊಂದ್ಸಲ ಯೋಚ್ನೆ ಮಾಡಿ ಸಾರ್.

ಹೆಂಡತಿ: ಮೂರನೇ ಸಲ ಕೇಳ್ತಿದೀನಿ ರೀ. ಕೊನೇ ಅಧ್ಯಾಯ ಓದ್ಲಾ?

ಗಂಡ: ಅಂಟಿಸಿ ಮೇಸ್ತ್ರಿ! ಇಡೀ ವಿಮಾನಕ್ಕೆ ಒಂದೇ ಮೆತ್ತೆ, ಮುಂದಿನ ಸೀಟಿಗೆ. ಇನ್ನೊಂದಕ್ಕೆ ಒಂದು ಗ್ರಾಂ ಕೂಡ ಇಲ್ಲ. ಇದು ಕ್ಯಾಪ್ಟನ್ ಆಜ್ಞೆ!

ಗಂಡ ಕಷ್ಟಪಟ್ಟು ಹೊರಗೆ ಇಳಿದ. ಮೇಸ್ತ್ರಿ ಗೋಂದು ಹಚ್ಚಿ ಮೆತ್ತೆಯನ್ನು ಒತ್ತಿದ. ಗಂಡ ಅದರ ಮೇಲೆ ಕೈಯೂರಿ ನೂರು ಎಣಿಸಿದ. ಮೆತ್ತೆ ಕಚ್ಚಿಕೊಂಡಿತು. ಆತ ಗೆದ್ದವನ ಹಾಗೆ ಮೈ ಮುರಿದ.

ಗಂಡ: ಹೂಂ, ಈಗ ಓದು. ಏನು ಬೇಕಾದ್ರೂ ಓದ್ಕೋ.

ಹೆಂಡತಿ ಗಂಟಲು ಸರಿಮಾಡಿಕೊಂಡು ಓದಿದಳು.

ಹೆಂಡತಿ: “ಒಬ್ಬರೇ ಹಾರುವಾಗ ಚಾಲಕರು ಹಿಂದಿನ ಸೀಟಿನಲ್ಲೇ ಕೂರಬೇಕು. ಮುಂದೆ ಕೂತರೆ ಮೂಗು ಭಾರವಾಗಿ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ಇಬ್ಬರಿದ್ದಾಗಲೂ ಚಾಲಕರ ಜಾಗ ಹಿಂದೆಯೇ. ಮುಂದಿನದು ಪ್ರಯಾಣಿಕರ ಸೀಟು.”

ಗಂಡ ಪುಸ್ತಕ ಕಿತ್ತುಕೊಂಡ, ಚಿತ್ರ ಹುಡುಕಿದ. ಚಿತ್ರವೂ ಇತ್ತು. ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಹಾಕಿಕೊಂಡ ಗಂಡಸೊಬ್ಬ ನಗುತ್ತಿದ್ದ.

ಗಂಡ: ನಿನಗೆ... ಇದು ಮೊದಲೇ ಗೊತ್ತಿತ್ತಾ?

ಹೆಂಡತಿ: ನಾಲ್ಕು ತಿಂಗಳಿಂದ. ಹಾರೋ ಮುಂಚೆ ಹೇಗೂ ಹೇಳ್ತಿದ್ದೆ, ನನಗೆ ಗಂಡ ಬೇಕು. ಇವತ್ತು ಮೂರು ಸಲ ಕೇಳಿದೆ. ಎರಡು ಮೆತ್ತೆ ಹಾಕಿಸೋಣ ಅಂದಿದ್ರೆ, ಕೇಳದೇ ಇದ್ರೂ ಓದ್ತಿದ್ದೆ.

ಗಂಡ: ಹಾಗಾದ್ರೆ ಆ ಅಳತೆ...

ಮೇಸ್ತ್ರಿ: ಅಕ್ಕ ಬಂದು ಅಳತೆ ಕೊಟ್ರು ಅಂದೆನಲ್ಲ ಸಾರ್. ಅಕ್ಕಂದೇ.

ಹೆಂಡತಿ ಚಪ್ಪಲಿ ಬಿಟ್ಟು, ಸಲೀಸಾಗಿ ಮುಂದಿನ ಸೀಟಿಗೆ ಇಳಿದು ಕೂತಳು. ಮೆತ್ತೆ ಆಕೆಯನ್ನು ಬಹಳ ದಿನದ ಪರಿಚಯದವಳಂತೆ ಬರಮಾಡಿಕೊಂಡಿತು. ಗಂಡ ಹಿಂದೆ ಹತ್ತಿ ಹಲಗೆಯ ಮೇಲೆ ಕೂತ. ಎದ್ದ. ಮತ್ತೆ ಕೂತ.

ಗಂಡ: ನಲವತ್ತು ಗಂಟೆ... ಇದರ ಮೇಲಾ? ಮೇಸ್ತ್ರಿ, ಒಂದು ಮೆತ್ತೆ, ಚಿಕ್ಕದು, ತೆಳ್ಳಗಿರಲಿ...

ಮೇಸ್ತ್ರಿ: ಕ್ಯಾಪ್ಟನ್ ಆಜ್ಞೆ ಇದೆ ಸಾರ್.

ಹೆಂಡತಿ: ಪಾಪ, ಹೊಲೀರಿ ಮೇಸ್ತ್ರಿ. ಎಷ್ಟಾಗುತ್ತೆ ಅದರ ತೂಕ?

ಮೇಸ್ತ್ರಿ: ಎಂಟುನೂರು ಗ್ರಾಂ ಅಕ್ಕ.

ಹೆಂಡತಿ: ರೀ, ನೀವು ಎಂಟುನೂರು ಗ್ರಾಂ ಇಳಿದ ದಿನ ಮೆತ್ತೆ ಹಾಕಿಸ್ತೀನಿ. ಆ ಇಂಧನ ಕೆಳಗಿಡಿ.

ಗಂಡ ಬಾಯಿಯ ಹತ್ತಿರ ತಂದಿದ್ದ ಬಿಸ್ಕತ್ತನ್ನು ನಿಧಾನವಾಗಿ ತಟ್ಟೆಗೆ ಇಟ್ಟ.

ಗಂಡ: ಅಲ್ಲೀವರೆಗೆ?

ಹೆಂಡತಿ: ಬೆನ್ನಿಗೆ ಒಳ್ಳೇದು.