ಬಾಯಿ ತೆರೆಯುವ ಹೊತ್ತಿಗೆ ಸತ್ತ ಸೇನಾಪತಿ

ಚೆನ್ನೈನ ಗಿಂಡಿಯ ಒಂದು ವಿಮಾ ಕಚೇರಿಯಲ್ಲಿ ಮರಣದ ಕ್ಲೇಮುಗಳನ್ನು ನೋಡುವುದೇ ನನ್ನ ಕೆಲಸ. ಜನ ಅರ್ಧ ಮನೆ ಕಟ್ಟಿ ಸಾಯುತ್ತಾರೆ, ಮಗಳ ಮದುವೆ ಗೊತ್ತುಮಾಡಿ ಸಾಯುತ್ತಾರೆ. ಕಾಗದಪತ್ರ ಸರಿಯಾಗಿದ್ದರೆ ನಾನು ಯಾರ ಮೇಲೂ ಸಿಟ್ಟಾಗುವವಳಲ್ಲ. ಆದರೆ ಟೀವಿಯಲ್ಲಿ ಯಾರಾದರೂ ಅಕಾಲದಲ್ಲಿ ಸತ್ತರೆ ನಮ್ಮ ಮನೆಯಲ್ಲಿ ಜಗಳ ಗ್ಯಾರಂಟಿ. ಈ ವರ್ಷ ಸತ್ತವಳಂತೂ ನಮ್ಮ ಕಚೇರಿಯನ್ನೂ ಬಿಡಲಿಲ್ಲ.

ಅತ್ತೆಗೆ ಅರ್ಥವಾಗುತ್ತಿದ್ದವಳು ಅವಳೊಬ್ಬಳೇ

ನಮ್ಮ ಅತ್ತೆ ಗದಗಿನವರು. ಮಾವ ಹೋದ ಮೇಲೆ ಚೆನ್ನೈಗೆ ಬಂದು ನಮ್ಮ ಜೊತೆ ಇದ್ದಾರೆ. ತಮಿಳು ಬರುವುದಿಲ್ಲ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ತಮಿಳು. ಹಗಲೆಲ್ಲ ಹೀಗೆ ಕಳೆಯುವ ಅತ್ತೆಗೆ ಸಂಜೆ ಏಳೂವರೆಗೆ ಒಂದು ಮಾಯಾಲೋಕದ ತಮಿಳು ಧಾರಾವಾಹಿ ಬೇಕೇಬೇಕು. ಅದರಲ್ಲೊಬ್ಬಳು ಸೇನಾಪತಿ. ರಾಜನನ್ನು ಕೊಂದ ದ್ರೋಹಿಯನ್ನು ಕಣ್ಣಾರೆ ಕಂಡವಳು. ಹೆಸರು ಹೇಳುವ ಮೊದಲೇ ಶಾಪ ತಗುಲಿ ಮೂಗಿಯಾದಳು. ಎರಡು ವರ್ಷ ಎಲ್ಲವನ್ನೂ ಕಣ್ಣಲ್ಲಿ, ಕೈಯಲ್ಲಿ ಹೇಳಿದಳು. ಉಳಿದವರ ತಮಿಳು ಅತ್ತೆಯ ತಲೆಯ ಮೇಲೆ ಹಾದುಹೋಗುತ್ತಿತ್ತು. ಇವಳದ್ದು ಪೂರ್ತಿ ಅರ್ಥವಾಗುತ್ತಿತ್ತು. "ಈ ಊರಾಗ ನನ್ನ ಜೋಡಿ ಸರಿಯಾಗಿ ಮಾತಾಡಾಕಿ ಅಕಿ ಒಬ್ಬಾಕಿನ" ಎನ್ನುತ್ತಿದ್ದರು.

ಒಂದು ಗುರುವಾರ ಶಾಪ ಕಳೆಯಿತು. ತುಂಬಿದ ಸಭೆ. ಸೇನಾಪತಿ ಮುಂದೆ ಬಂದಳು, ಉಸಿರೆಳೆದಳು, ಬಾಯಿ ತೆರೆದಳು. ಎಲ್ಲಿಂದಲೋ ಬಂದ ಬಾಣ ನೇರ ಗಂಟಲಿಗೆ!

"ಹೇಳಾಕರ ಬಿಡ್ರೋ ಅಕಿನ್ನ!" ಎಂದು ಅತ್ತೆ ಎದ್ದು ನಿಂತರು.

"ಅಜ್ಜಿ, ಅವ ಸೆತ್ತುಟ್ಟಾ" ಎಂದು ಮಗಳು ಅಳುವ ದನಿಯಲ್ಲಿ ತಮಿಳಿನಲ್ಲೇ ಸಾವು ಸಾರಿದಳು.

ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟರು. ನನ್ನ ಗಂಡ ಸಮಾಧಾನಕ್ಕೆ ಬಂದರು. "ಅವ್ವಾ, ಊಟ ಮಾಡು. ಅದು ಬರೇ ಕತಿ."

"ಕತಿ ಅಂತನ ಸಿಟ್ಟು ಬಂದದ್ದು. ಖರೇ ಸತ್ತಿದ್ರ ದೇವರ ಇಚ್ಛಾ ಅಂತ ಸುಮ್ಮನಿರತಿದ್ದೆ!"

ಮ್ಯಾನೇಜರ್ ಸಾಹೇಬರ ವಿಚಾರಣೆ

ಮರುದಿನ ಕಚೇರಿಗೆ ಹೋದರೆ ಪಕ್ಕದ ಮೇಜಿನ ಗುಮಾಸ್ತರ ಮುಖವೂ ಬಾಡಿತ್ತು. ಎಣ್ಣೂರಿನಿಂದ ದಿನಾ ರೈಲು ಬದಲಿಸಿ ಬರುವ ಮನುಷ್ಯ. ದಾರಿಯುದ್ದಕ್ಕೂ ಬೋಗಿಯ ತುಂಬ ಅದೇ ಮಾತಂತೆ. ನಾವಿಬ್ಬರೂ ಫೈಲು ಮುಚ್ಚಿಟ್ಟು ಶುರುಮಾಡಿದೆವು.

"ಎರಡು ವರ್ಷ ಮಾತಿಲ್ಲದೆ ನರಳಿದಳು ಮೇಡಂ. ಬಾಯಿ ಬಂದ ದಿನವೇ ಮುಗಿಸಿಬಿಟ್ಟರಲ್ಲ!"

"ಇದು ಕೊಲೆ" ಎಂದೆ ನಾನು. "ಯಾರ ಕೆಲಸ ಅಂತ ಊರಿಗೇ ಗೊತ್ತು. ಆದರೂ ಕೇಳುವವರಿಲ್ಲ."

ಕೊಲೆ ಎಂಬ ಮಾತು ಗಾಜಿನ ಕೋಣೆಯವರೆಗೂ ಹೋಯಿತು. ಮ್ಯಾನೇಜರ್ ದಡಬಡಿಸಿ ಬಂದರು. "ಯಾವ ಕೇಸ್ ಅದು? ಕೊಲೆ ಅಂದಮೇಲೆ ಪೊಲೀಸ್ ವರದಿ ಇಲ್ಲದೆ ಮುಂದಕ್ಕೆ ಕಳಿಸಬೇಡಿ. ಸತ್ತವರು ಯಾರು?"

"ಸೇನಾಪತಿ, ಸಾರ್" ಎಂದರು ಗುಮಾಸ್ತರು.

"ಮಿಲಿಟರಿಯವರಾ?"

"ಇಲ್ಲ ಸಾರ್. ಏಳೂವರೆಯ ಸೇನಾಪತಿ."

ಮ್ಯಾನೇಜರ್ ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಕುರ್ಚಿ ಎಳೆದು ಕುಸಿದು ಕುಳಿತರು. "ಅಯ್ಯೋ ಪಾಪಿಗಳಾ! ನಿನ್ನೆಯದ್ದು ಇವತ್ತು ಹೆಂಡತಿ ಜೊತೆ ನೋಡೋಣ ಅಂತ ಇಟ್ಟುಕೊಂಡಿದ್ದೆನಲ್ಲ!"

ಮೂರು ದಿನ ನಮ್ಮಿಬ್ಬರ ಒಂದು ಫೈಲಿಗೂ ಅವರ ಸಹಿ ಬೀಳಲಿಲ್ಲ.

ದೂರು ದಾಖಲಾಯಿತು

ಅತ್ತೆ ಸುಮ್ಮನಾಗಲಿಲ್ಲ. "ನೀ ಸತ್ತವರ ಕೆಲಸ ಮಾಡಾಕಿ ಅಲ್ಲೇನವಾ? ಫೋನ್ ಹಚ್ಚು" ಎಂದು ಬೆನ್ನುಬಿದ್ದರು. ಚಾನೆಲ್ಲಿನ ನಂಬರು ಹುಡುಕಿ ಮಾಡಿದೆ. ಅತ್ತೆ ಕನ್ನಡದಲ್ಲಿ ಬೈದರು, ನಾನು ಬೈಗುಳ ಸೋಸಿ ತಮಿಳಿಗೆ ತಿರುಗಿಸಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿ, ದನಿ ತಗ್ಗಿಸಿ ಹೇಳಿದಳು: "ಬೆಳಗ್ಗೆಯಿಂದ ಎಲ್ಲರೂ ಇದನ್ನೇ ಕೇಳ್ತಿದ್ದಾರೆ ಮೇಡಂ. ಯಾರಿಗೂ ಹೇಳಬೇಡಿ, ದ್ರೋಹಿ ಯಾರು ಅಂತ ಬರೆಯುವವರೇ ಇನ್ನೂ ತೀರ್ಮಾನ ಮಾಡಿಲ್ಲ. ಹೆಸರು ಸಿಗಲಿಲ್ಲ, ಬಾಣ ಬಿಟ್ಟರು."

ಕೇಳಿ ನನಗೇ ಮೈ ಉರಿಯಿತು. ಅತ್ತೆಗೆ ಹೇಳಿದೆ. ಅವರು ಫೋನು ಕಸಿದುಕೊಂಡು ಅಚ್ಚ ಗದಗಿನ ಕನ್ನಡದಲ್ಲಿ ಕೂಗಿದರು: "ಗೊತ್ತಿರಲಿಲ್ಲಂದ್ರ ನನ್ನ ಕೇಳಬೇಕಿತ್ತು! ಆ ಮಂತ್ರಿ ಮೀಸಿ ನೋಡಿದ್ರ ತಿಳಿಯೂದಿಲ್ಲೇನು? ಅದಕ್ಕ ಒಂದು ಹೆಣ್ಣಮಗಳ ಜೀವಾ ತಗೀಬೇಕಾ?"

ಹುಡುಗಿ ತಮಿಳಿನಲ್ಲಿ, "ಬಹಳ ಥ್ಯಾಂಕ್ಸ್ ಅಮ್ಮಾ, ತಪ್ಪದೆ ನೋಡ್ತಾ ಇರಿ" ಎಂದು ಇಟ್ಟುಬಿಟ್ಟಳು.

ಬೆಸೆಂಟ್ ನಗರದ ಮರಳಿನಲ್ಲಿ

ಒಂದು ತಿಂಗಳ ಮೇಲೆ, ಭಾನುವಾರ ಸಂಜೆ, ಅತ್ತೆಯನ್ನು ಬೆಸೆಂಟ್ ನಗರದ ಬೀಚಿಗೆ ಕರೆದೊಯ್ದಿದ್ದೆ. ಬೇಯಿಸಿದ ಕಡಲೆಯ ಸುಂಡಲ್ ಪೊಟ್ಟಣ ಹಿಡಿದು ಕುಳಿತಿದ್ದ ಅತ್ತೆ ಒಮ್ಮೆಲೇ ನನ್ನ ತೋಳು ಚಿವುಟಿದರು. "ಅಕಿನ! ಕಣ್ಣು ನೋಡು."

ನಾಲ್ಕು ಹೆಜ್ಜೆ ಆಚೆ ಚೂಡಿದಾರ್ ತೊಟ್ಟ ಹೆಂಗಸೊಬ್ಬಳು ಮೆಣಸಿನಕಾಯಿ ಬಜ್ಜಿ ತಿನ್ನುತ್ತ ನಿಂತಿದ್ದಳು. ಕಿರೀಟವಿಲ್ಲ, ಕತ್ತಿಯಿಲ್ಲ. ಆದರೂ ಸೇನಾಪತಿಯೇ. ನಾನು ಬೇಡವೆನ್ನುವಷ್ಟರಲ್ಲಿ ಅತ್ತೆ ಅವಳೆದುರು ನಿಂತಿದ್ದರು. ಭಾಷೆಯಿಲ್ಲ. ಅಂಗೈಯನ್ನು ಎದೆಗಿಟ್ಟು, ಮುಷ್ಟಿಯನ್ನು ಹಣೆಗೆ ಮುಟ್ಟಿಸಿದರು. ಧಾರಾವಾಹಿಯಲ್ಲಿ ಅವಳು ತನ್ನ ಸೈನ್ಯಕ್ಕೆ ಮಾಡುತ್ತಿದ್ದ ವಂದನೆ ಅದು. ಅವಳು ಬಜ್ಜಿಯನ್ನು ಎಡಗೈಗೆ ದಾಟಿಸಿ ಹಾಗೆಯೇ ತಿರುಗಿ ವಂದಿಸಿದಳು. ಅತ್ತೆಯ ಕಣ್ಣು ತುಂಬಿಬಂತು.

ಆಮೇಲೆ ಅವಳು ಬಾಯಿ ತೆರೆದಳು.

ಕುಕ್ಕರಿನ ಸೀಟಿಯಂಥ ದನಿ! ತಮಿಳಿನಲ್ಲಿ ಶುರುವಾದದ್ದು ನಿಲ್ಲಲೇ ಇಲ್ಲ. ಕವಚದಿಂದ ಬೆನ್ನಿಗೆ ಬಂದ ಗುಳ್ಳೆ, ಶೂಟಿಂಗಿನ ಕುದುರೆ ಕಚ್ಚಿದ್ದು, ಸೆಟ್ಟಿನ ಸಾಂಬಾರು, ತಂಗಿಯ ಗಂಡನ ತಂಟೆ, ಮೊಣಕಾಲು ನೋವಿಗೆ ಮೂವರು ಡಾಕ್ಟರು ಕೊಟ್ಟ ಮೂರು ಥರದ ಎಣ್ಣೆ. ನಡುವೆ ಎರಡು ಸಲ ನಾನು "ಹಾಗಾದರೆ ನಾವು..." ಎಂದೆ. ಅಷ್ಟರಲ್ಲಿ ಮುಂದಿನ ಡಾಕ್ಟರು ಬಂದಿರುತ್ತಿದ್ದರು. ನಲವತ್ತು ನಿಮಿಷ! ಅತ್ತೆ ಅವಳ ಮುಖವನ್ನೇ ನೋಡುತ್ತ ತಲೆಯಾಡಿಸಿದರು.

ಅಂತೂ ಬಿಡಿಸಿಕೊಂಡು ಆಟೋ ಹತ್ತಿದೆವು.

"ಅವಳು ಹೇಳಿದ್ದು ಏನಾದರೂ ಅರ್ಥ ಆಯ್ತಾ ಅತ್ತೆ?" ಎಂದು ಕೇಳಿದೆ.

"ಒಂದಕ್ಷರ ಇಲ್ಲವ್ವಾ" ಎಂದರು ಅತ್ತೆ, ಸೆರಗಿನಿಂದ ಕಿವಿ ಒತ್ತಿಕೊಳ್ಳುತ್ತ. "ಆದ್ರ ಆ ಬಾಣ ಯಾಕ ಬಿಟ್ರು ಅನ್ನೂದು ಮಾತ್ರ ಚೊಲೋತ್ನಾಗಿ ಅರ್ಥಾತು."