ಅಕ್ಕೂರಿನ ಮನೆಯಲ್ಲಿ ನನ್ನ ಪರೀಕ್ಷೆ

ಶಿಸ್ತನ್ನು ಬಿಗಿಯಾಗಿ ಹಿಡಿದು ಹೊರಟವರಿಗೇ ನಗೆಪಾಟಲಿನ ಸಂದರ್ಭಗಳು ಸಾಲಾಗಿ ಒದಗುತ್ತವೆ. ಹತ್ತು ವಾರಗಳಲ್ಲಿ ನನಗೆ ಒದಗಿದವುಗಳಲ್ಲಿ ಕೆಲವನ್ನು ಕ್ರಮವಾಗಿ ಇಲ್ಲಿ ದಾಖಲಿಸುತ್ತೇನೆ.

ಮಾಗಡಿಯ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ ರಾಮನಗರದ ಸೇವಾಸಂಸ್ಥೆಯೊಂದಕ್ಕೆ ಇಂಟರ್ನ್ ಆಗಿ ಸೇರಿದೆ. ಕಷ್ಟದಲ್ಲಿರುವ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ, ಚಿಕ್ಕ ಮಕ್ಕಳ ತಾಯಿಗೆ ಎರಡು ಗಂಟೆ ಆಸರೆಯಾಗುವುದು ಅಲ್ಲಿಯ ಕೆಲಸ. ಹತ್ತನೆಯ ವಾರ ಆ ತಾಯಿಯೇ ಒಂದು ನಮೂನೆಯನ್ನು ತುಂಬುತ್ತಾಳೆ. "ಇವರು ಮುಂದೆಯೂ ಬರಬೇಕೆ?" ಎಂಬ ಕೊನೆಯ ಪ್ರಶ್ನೆಗೆ ಬೇಡವೆಂದು ಬರೆದರೆ ಇಂಟರ್ನ್‌ನ ಕೆಲಸ ಅಲ್ಲಿಗೆ ಮುಗಿಯಿತು. ಮೂವತ್ತೈದು ವರ್ಷ ಇತರರಿಗೆ ಅಂಕ ಕೊಟ್ಟವಳು ನಾನು. ಈಗ ಅಂಕ ನನಗೆ. ನಾನು ಬರುತ್ತಿದ್ದೇನೆಂದು ಓಡಿಹೋದವರನ್ನು ಬಹಳ ಕಂಡಿದ್ದೇನೆ. ಬರಲಿ ಎಂದು ಬಯಸಿದವರನ್ನು ಕಂಡ ನೆನಪಿಲ್ಲ.

೧. ಪೂರ್ವಾಭ್ಯಾಸ

ನಮ್ಮ ಮೇಲ್ವಿಚಾರಕಿಗೆ ನನ್ನ ವಯಸ್ಸಿನ ಅರ್ಧವೂ ಇರಲಿಲ್ಲ. ಆಕೆ ಮೂರು ನಿಯಮ ಹೇಳಿದಳು. ಮನೆಯನ್ನು ತಪಾಸಣೆ ಮಾಡಬಾರದು. ಕೇಳದೆ ಬುದ್ಧಿ ಹೇಳಬಾರದು. ಪ್ರತಿ ಭೇಟಿಯಲ್ಲೂ ಏನನ್ನಾದರೂ ಮನಸಾರೆ ಮೆಚ್ಚಬೇಕು. ಬಳಿಕ ಅಭ್ಯಾಸ ನಡೆಯಿತು. ಕನಕಪುರದಿಂದ ಬಂದಿದ್ದ ಕಾಲೇಜು ಹುಡುಗಿ ದಣಿದ ತಾಯಿಯ ಪಾತ್ರ ವಹಿಸಿ, ಟವೆಲು ಸುತ್ತಿದ ಬೊಂಬೆಯೊಂದಿಗೆ ಕುರ್ಚಿಯಲ್ಲಿ ಮುದುಡಿ ಕುಳಿತಳು. ನಾನು ಆಕೆಯನ್ನು ಮೃದುವಾಗಿ ಮಾತಾಡಿಸಬೇಕು.

ನನ್ನಿಂದ ಸಾಧ್ಯವಾದಷ್ಟು ಮೃದುವಾಗಿ ಕೇಳಿದೆ: "ಏನಾಯಿತು?"

ಹುಡುಗಿ ದಡಕ್ಕನೆ ಎದ್ದು ನಿಂತಳು. ಬೊಂಬೆ ನೆಲಕ್ಕೆ ಬಿತ್ತು.

"ನಾನ್ ಮಾಡಿಲ್ಲ ಮೇಡಂ" ಎಂದಳು.

೨. ದೇವರ ಪೆಟ್ಟಿಗೆ

ನನಗೆ ನಿಗದಿಯಾದದ್ದು ಅಕ್ಕೂರಿನ ಒಂದು ರೇಷ್ಮೆಹುಳು ಸಾಕುವ ಮನೆ. ಎಂಟು ತಿಂಗಳ ಅವಳಿ ಕೂಸುಗಳು, ಅವುಗಳ ತಾಯಿ ಮತ್ತು ಅತ್ತೆ. ಗಂಡ ಲಾರಿ ಓಡಿಸುತ್ತಾನೆ, ಊರಿಗೆ ಬರುವುದು ಅಪರೂಪ. ಅತ್ತೆಗೆ ಕೈ ನಡುಗುವುದರಿಂದ ಕೂಸುಗಳನ್ನು ಎತ್ತಿಕೊಳ್ಳಲಾರಳು. ಹೀಗಾಗಿ ಮಕ್ಕಳು, ಹುಳು, ಒಲೆ ಮೂರೂ ಒಬ್ಬಳ ಮೇಲೆ.

ಹತ್ತು ಗಂಟೆಗೆ ಸರಿಯಾಗಿ ಕಡತ ಹಿಡಿದು ಬೀದಿಗೆ ಕಾಲಿಟ್ಟೆ. ರೇಷನ್ ಕಾರ್ಡು ರದ್ದು ಮಾಡುವ ಅಧಿಕಾರಿ ಬಂದರೆಂದು ಯಾರೋ ಹೇಳಿಯಾಗಿತ್ತು. ನಾನು ನಡೆದಂತೆಲ್ಲ ಒಂದೊಂದೇ ಮನೆಯ ಟೀವಿ ನಿಂತಿತು. ಒಬ್ಬಾತ ತನ್ನ ಬೈಕನ್ನು ಹುಲ್ಲಿನ ಮೆದೆಯ ಹಿಂದಕ್ಕೆ ತಳ್ಳುತ್ತಿದ್ದ.

ನನಗೆ ನಿಗದಿಯಾದ ಮನೆಯ ಹಜಾರದ ಮೂಲೆಯಲ್ಲಿ ಎದೆಯೆತ್ತರದ ವಸ್ತುವೊಂದಕ್ಕೆ ರೇಷ್ಮೆ ಸೀರೆ ಹೊದಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟಿದ್ದರು. ಅದು ದ್ಯಾವ್ರ ಪೆಟ್ಗೆ ಎಂದು ಅತ್ತೆ ಕೇಳದೆಯೇ ತಿಳಿಸಿದಳು. ಮೂರನೆಯ ನಿಯಮ ಪಾಲಿಸಿ, ಅಲಂಕಾರ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿದೆ. ಅಷ್ಟರಲ್ಲಿ ಪೆಟ್ಟಿಗೆ ಗುರ್ರೆಂದು ನಡುಗಿತು. ಕುಂಕುಮದ ಬಟ್ಟಲು ಕಟಕಟನೆ ಅಲುಗಿತು. ನಮ್ಮ ಮನೆಯ ಫ್ರಿಜ್ಜೂ ಹೀಗೆಯೇ ಅಲುಗುತ್ತದೆ.

ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಎದ್ದವ್ನೆ. ಕೈ ಮುಗಿಯವ್ವ."

ತಪಾಸಣೆ ಮಾಡಬಾರದೆಂಬುದು ನಿಯಮ. ಕೈ ಮುಗಿದೆ.

೩. ಬಾಗಿಲಲ್ಲಿ ತಡೆ

ಮೂರನೆಯ ವಾರ ಮನೆಗೆ ಹುಳು ತಂದಿದ್ದರು. ಹುಳುವಿನ ತಟ್ಟೆಗಳಿರುವುದೂ ಅದೇ ಹಜಾರದಲ್ಲಿ. ತಾಯಿ ನನ್ನನ್ನು ಹೊಸ್ತಿಲಲ್ಲೇ ತಡೆದಳು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿಸಿದಳು. ಬಳಿಕ ಹತ್ತಿರ ಬಂದು ಮೂಸಿ, ಏನು ಹಚ್ಚಿಕೊಂಡಿದ್ದೀರೆಂದು ಕೇಳಿದಳು. ಮಂಡಿಯ ಮುಲಾಮು ಎಂದೆ. ಆ ವಾಸನೆಗೆ ಹುಳು ಸೊಪ್ಪು ಮುಟ್ಟುವುದಿಲ್ಲವಂತೆ. ಹುಳು ಕೆಟ್ಟರೆ ಮನೆಯ ಅನ್ನ ಕೆಟ್ಟಂತೆ. ನಲ್ಲಿಗೆ ಹೋಗಿ ತೊಳೆದು ಬರಬೇಕೆಂದು ಅಪ್ಪಣೆಯಾಯಿತು.

ತಡವಾಗಿ ಬಂದ ಮಕ್ಕಳನ್ನು ನಾನು ನಿಲ್ಲಿಸುತ್ತಿದ್ದುದೂ ನಲ್ಲಿಯ ಬಳಿಯಲ್ಲೇ. ಮಂಡಿ ತೊಳೆದು ಮರಳಿದೆ.

"ಒಸಿ ಕೈ ತೋರ್ಸಿ ಮೇಡಂ."

ಎರಡೂ ಕೈ ಮುಂದೆ ಚಾಚಿ ನಿಂತೆ. ಆಕೆ ಅಂಗೈ ನೋಡಿದಳು, ತಿರುಗಿಸಿ ನೋಡಿದಳು.

ಉಗುರು ಬೆಳೆದಿತ್ತು.

೪. ಜೋಗುಳ

ಒಂದು ದಿನ ತಾಯಿ ಹುಳುಗಳಿಗೆ ಸೊಪ್ಪು ಹಾಕಬೇಕೆಂದು ಎರಡೂ ಕೂಸುಗಳನ್ನು ನನ್ನ ತೊಡೆಯ ಮೇಲೆ ಮಲಗಿಸಿ ಹೋದಳು. ಎರಡೂ ಒಟ್ಟಿಗೆ ಅಳತೊಡಗಿದವು. ನನಗೆ ಜೋಗುಳ ಬಾರದು. ಮಕ್ಕಳು ಅತ್ತರೆ ನಮೂನೆಯಲ್ಲಿ ಏನು ಬರುವುದೋ. ಬಾಯಿಪಾಠವಿದ್ದದ್ದು ಒಂದೇ, ಹಾಜರಿ. ಸಂಖ್ಯೆ ಒಂದರಿಂದ ಮೆಲುದನಿಯಲ್ಲಿ ಕೂಗುತ್ತ ಹೋದೆ. ಇಪ್ಪತ್ತಮೂರಕ್ಕೆ ಎರಡೂ ನಿದ್ದೆ ಹೋದವು.

ನನ್ನ ತರಗತಿಗಳಲ್ಲೂ ಸುಮಾರು ಆ ಸಂಖ್ಯೆಗೇ ನಿದ್ದೆ ಆರಂಭವಾಗುತ್ತಿತ್ತು. ಆಗ ನಾನು ಅದನ್ನು ಸಾಧನೆಯೆಂದು ಗಣಿಸಿರಲಿಲ್ಲ.

೫. ನಮೂನೆ

ಹತ್ತನೆಯ ವಾರ ಬಂದಿತು. ಮೇಲ್ವಿಚಾರಕಿ ಹನ್ನೊಂದಕ್ಕೆ ನಮೂನೆಯೊಂದಿಗೆ ಬರುವವಳಿದ್ದಳು. ಸೀರೆಯ ನೆರಿಗೆ ಎರಡು ಬಾರಿ ಸರಿಪಡಿಸಿದ್ದೆ, ಮುಲಾಮು ಬಿಟ್ಟಿದ್ದೆ. ಹೊಸ್ತಿಲಲ್ಲಿ ಕಾಲು ಅದ್ದಿ ಕೈ ಚಾಚಿದೆ. ತಾಯಿ ಅಂಗೈ ನೋಡಿದಳು, ತಿರುಗಿಸಿ ಉಗುರು ನೋಡಿದಳು, ಪಕ್ಕಕ್ಕೆ ಸರಿದು ಒಳಗೆ ಬಿಟ್ಟಳು.

ಅಂದು ಎರಡನೆಯ ಸಲ ತಂದ ಹುಳುಗಳು ಪೊರೆ ಕಳಚುವ ದಿನ. ಆ ದಿನ ಅವು ತಿನ್ನುವುದಿಲ್ಲ, ಮನೆಯಲ್ಲಿ ಸದ್ದು ಮಾಡುವಂತೆಯೂ ಇಲ್ಲ. ಸೊಪ್ಪಿನ ಕೆಲಸವಿಲ್ಲದೆ ತಾಯಿ ಮೊದಲ ಬಾರಿಗೆ ಕುಳಿತಳು. ನಾನು ಕೂಸುಗಳನ್ನು ತೆಗೆದುಕೊಂಡು ಪಿಸುದನಿಯಲ್ಲಿ ಹಾಜರಿ ಆರಂಭಿಸಿದೆ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಇಪ್ಪತ್ತನಾಲ್ಕು ಕೂಗಿದ ನೆನಪಿಲ್ಲ.

ಕಣ್ಣು ತೆರೆದಾಗ ಹೊಸ್ತಿಲಲ್ಲಿ ಮೇಲ್ವಿಚಾರಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಕೂಸುಗಳು ನನ್ನ ತೊಡೆಯ ಮೇಲೆ ನಿದ್ರಿಸುತ್ತಿದ್ದವು. ತಾಯಿ ಗೋಡೆಗೊರಗಿ, ಅತ್ತೆ ದೇವರ ಪೆಟ್ಟಿಗೆಗೊರಗಿ ನಿದ್ರಿಸುತ್ತಿದ್ದರು. ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸಿತು.

ಕರ್ತವ್ಯದ ವೇಳೆಯಲ್ಲಿ ನಿದ್ದೆ. ಇದಕ್ಕಾಗಿ ನಾನು ಎಷ್ಟು ಮಂದಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ. ಅವರೆಲ್ಲರೂ ಹೇಳಿದ್ದನ್ನೇ ನನ್ನ ಬಾಯಿ ತಾನಾಗಿ ಹೇಳಿತು.

"ನಾನು ಮಲಗಿರಲಿಲ್ಲ ಮೇಡಂ."

ತಾಯಿ ಎದ್ದು, ಮುಖ ತೊಳೆದು, ನಮೂನೆಯನ್ನು ದೇವರ ಪೆಟ್ಟಿಗೆಯ ಮೇಲಿಟ್ಟುಕೊಂಡು ನಿಧಾನವಾಗಿ ತುಂಬಿದಳು. ನಾನು ಹೊರಗೆ ನಲ್ಲಿಯ ಬಳಿ ನಿಂತಿದ್ದೆ. ಯಾರೂ ನಿಲ್ಲಲು ಹೇಳಿರಲಿಲ್ಲ.

ಬಸ್ ನಿಲ್ದಾಣದ ದಾರಿಯಲ್ಲಿ ಮೇಲ್ವಿಚಾರಕಿ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಇವರಿಂದ ಆದ ಸಹಾಯವೇನು ಎಂಬುದರ ಎದುರು ಹೀಗಿತ್ತು: "ಮಲಗುತ್ತಾರೆ. ಮಕ್ಕಳೂ ಮಲಗುತ್ತವೆ. ಹೆರಿಗೆಯಾದ ಮೇಲೆ ನಾನು ಹಗಲಲ್ಲಿ ಮಲಗಿದ್ದು ಇವತ್ತೇ."

ಅಕ್ಷರ ದುಂಡಗಿತ್ತು, ಒಂದೂ ತಪ್ಪಿರಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಕೊನೆಯ ಪ್ರಶ್ನೆಗೆ ಬಂದೆ. ಇವರು ಮುಂದೆಯೂ ಬರಬೇಕೆ?

"ಬರಲಿ. ಉಗುರು ಕತ್ತರಿಸಿಕೊಂಡು ಬರಲಿ."